ಕಿವಿಗೊಟ್ಟು ಕಲಿತ ಮಾತು

ಒಂದು ಸಾಧಾರಣ ಕಚೇರಿಯನ್ನು ನೋಡಿ. ಲೆಕ್ಕಪತ್ರ ನೋಡಿಕೊಳ್ಳುವವರ ಬಳಿ ವಿಂಡೋಸ್ ಕಂಪ್ಯೂಟರುಗಳು, ಪುಟವಿನ್ಯಾಸ ಮಾಡುವವರ ಮೇಜಿನ ಮೇಲೆ ಮ್ಯಾಕ್, ತಂತ್ರಜ್ಞರ ಬಳಿ ಲಿನಕ್ಸ್. ಕಪಾಟಿನ ಮೇಲೆ ಎರಡು ಹಾರ್ಡ್‌ಡಿಸ್ಕ್ ಹಾಕಿದ ಪುಟ್ಟ ಪೆಟ್ಟಿಗೆ, ಪಕ್ಕದಲ್ಲಿ ಎಲ್ಲರೂ ಬಳಸುವ ಒಂದು ಪ್ರಿಂಟರ್. ಬೆಳಿಗ್ಗೆ ವಿಂಡೋಸಿನಲ್ಲಿ ಸೇವ್ ಮಾಡಿದ ಫೈಲು ಮಧ್ಯಾಹ್ನ ಮ್ಯಾಕಿನಲ್ಲಿ ತೆರೆದುಕೊಳ್ಳುತ್ತದೆ, ಸಂಜೆ ಮತ್ಯಾರದೋ ಕಂಪ್ಯೂಟರಿನಿಂದ ಪ್ರಿಂಟಾಗಿ ಹೊರಬರುತ್ತದೆ. ಇದರಲ್ಲಿ ಯಾರಿಗೂ ವಿಶೇಷವೇನೂ ಕಾಣುವುದಿಲ್ಲ.

ಆದರೆ ಫೈಲೆಂದರೇನು ಎಂಬ ವಿಷಯದಲ್ಲೇ ಈ ವ್ಯವಸ್ಥೆಗಳಿಗೆ ಒಮ್ಮತವಿಲ್ಲ. ಇಂಗ್ಲಿಷಿನಲ್ಲಿ ‘ರಿಪೋರ್ಟ್’ ಎಂಬ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ವಿಂಡೋಸಿಗೆ ಅದು ಒಂದೇ ಫೈಲು. ಲಿನಕ್ಸಿಗೆ ಅವೆರಡೂ ಬೇರೆ ಬೇರೆ. ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಲಿನಕ್ಸ್ ಸೇರಿದ ಯೂನಿಕ್ಸ್ ಮನೆತನದ ವ್ಯವಸ್ಥೆಗಳು ಮೂಲತಃ ಒಡೆಯ, ಗುಂಪು, ಉಳಿದವರು ಎಂದು ಮೂರೇ ಪಂಗಡಗಳಲ್ಲಿ ಮುಗಿಸುತ್ತವೆ. ವಿಂಡೋಸ್ ಪ್ರತಿ ಫೈಲಿಗೂ ಬೇಕಾದಷ್ಟು ಉದ್ದದ ಪಟ್ಟಿ ಇಟ್ಟುಕೊಳ್ಳುತ್ತದೆ. ಒಬ್ಬರು ತೆರೆದ ಫೈಲನ್ನು ಇನ್ನೊಬ್ಬರು ತೆರೆಯಬಹುದೇ ಎಂಬ ನಿಯಮವೂ ಎರಡರಲ್ಲಿ ಒಂದೇ ಅಲ್ಲ. ಇಷ್ಟೆಲ್ಲ ಭಿನ್ನಾಭಿಪ್ರಾಯವನ್ನು ಬಳಸುವವರ ಕಣ್ಣಿಗೆ ಬೀಳದಂತೆ ಸರಿದೂಗಿಸುವ ತಂತ್ರಾಂಶಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು ಸಾಂಬಾ. ಇದು ಉಚಿತ, ಇದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ಬರೆಯಲು ಹೊರಟವರ ಕೈಯಲ್ಲಿ ಮಾತ್ರ, ಎದುರಿನ ಯಂತ್ರ ಆಡುವ ಮಾತಿನ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ.

ತಂತಿಯ ಮೇಲಿನ ಸಂಭಾಷಣೆ

ವಿಂಡೋಸ್ ಕಂಪ್ಯೂಟರು ದೂರದ ಫೈಲನ್ನು ಕೇಳಲು ಬಳಸುವ ಪ್ರೊಟೊಕಾಲಿನ ಹೆಸರು ಸರ್ವರ್ ಮೆಸೇಜ್ ಬ್ಲಾಕ್, ಚಿಕ್ಕದಾಗಿ ಎಸ್‌ಎಂಬಿ. ಇದು ಹುಟ್ಟಿದ್ದು ಮೈಕ್ರೋಸಾಫ್ಟಿನಲ್ಲಲ್ಲ, 1980ರ ದಶಕದ ಆರಂಭದಲ್ಲಿ ಐಬಿಎಂನಲ್ಲಿ. ಅದನ್ನು ರೂಪಿಸಿದವರು ಬ್ಯಾರಿ ಫೈಗೆನ್‌ಬಾಮ್. ಆಗಿನ ಪಿಸಿಗಳ ವ್ಯವಸ್ಥೆಯಾದ ಡಾಸ್ ತನ್ನದೇ ಡಿಸ್ಕಿನ ಫೈಲನ್ನು ತೆರೆಯಲು ಕೊಡುವ ಆಜ್ಞೆಗಳನ್ನೇ ನೆಟ್‌ವರ್ಕಿನ ಮೇಲೆ ಇನ್ನೊಂದು ಯಂತ್ರಕ್ಕೆ ಸಾಗಿಸಿದರಾಯಿತು ಎಂಬುದು ಮೂಲ ಆಲೋಚನೆ. ಮುಂದೆ ಮೈಕ್ರೋಸಾಫ್ಟ್ ಅದನ್ನು ತನ್ನ ಲ್ಯಾನ್ ಮ್ಯಾನೇಜರ್ ಎಂಬ ನೆಟ್‌ವರ್ಕ್ ತಂತ್ರಾಂಶಕ್ಕೆ, ನಂತರ ವಿಂಡೋಸಿಗೆ ಒಗ್ಗಿಸಿಕೊಳ್ಳುತ್ತ ಹೋಯಿತು. ಒಂದೊಂದು ಆವೃತ್ತಿಯಲ್ಲೂ ಹೊಸ ಆಜ್ಞೆಗಳು ಸೇರಿಕೊಂಡವು. ಹಳೆಯವು ಮಾತ್ರ ಹೋಗಲಿಲ್ಲ.

ನೀವು ಹಂಚಿಕೆಯ ಫೋಲ್ಡರಿನಲ್ಲಿ ಒಂದು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಏನಾಗುತ್ತದೆ? ನಿಮ್ಮ ಕಂಪ್ಯೂಟರು ಸರ್ವರಿನ 445ನೇ ಪೋರ್ಟನ್ನು ತಟ್ಟಿ, ‘ನನಗೆ ಈ ಈ ಆವೃತ್ತಿಗಳು ಗೊತ್ತು, ಯಾವುದರಲ್ಲಿ ಮಾತಾಡೋಣ?’ ಎಂದು ಒಂದು ಪಟ್ಟಿ ಕಳಿಸುತ್ತದೆ. ಸರ್ವರ್ ಒಂದನ್ನು ಆರಿಸುತ್ತದೆ. ಮುಂದಿನದು ಗುರುತಿನ ಪರೀಕ್ಷೆ. ಇಲ್ಲಿ ಪಾಸ್‌ವರ್ಡು ತಂತಿಯ ಮೇಲೆ ಹೋಗುವುದಿಲ್ಲ. ಹಳೆಯ ಎನ್‌ಟಿಎಲ್‌ಎಂ ಪದ್ಧತಿಯಲ್ಲಿ ಸರ್ವರ್ 8 ಬೈಟುಗಳ ಒಂದು ಯಾದೃಚ್ಛಿಕ ಸವಾಲು ಕಳಿಸುತ್ತದೆ; ಪಾಸ್‌ವರ್ಡು ಬಲ್ಲವರು ಮಾತ್ರ ಲೆಕ್ಕ ಹಾಕಬಲ್ಲ ಉತ್ತರವನ್ನು ನಿಮ್ಮ ಕಂಪ್ಯೂಟರು ಮರಳಿಸುತ್ತದೆ. ಆಮೇಲೆ ‘ಈ ಹಂಚಿಕೆಗೆ ನನ್ನನ್ನು ಜೋಡಿಸು’, ‘ಈ ಫೈಲನ್ನು ತೆರೆ’, ‘ಇಷ್ಟನೇ ಬೈಟಿನಿಂದ ಇಷ್ಟು ಕೊಡು’, ‘ಮುಚ್ಚು’. ಇರುವ ಫೈಲನ್ನು ತೆರೆಯುವುದಕ್ಕೂ ಹೊಸ ಫೈಲನ್ನು ಹುಟ್ಟಿಸುವುದಕ್ಕೂ ಎಸ್‌ಎಂಬಿಯ ಎರಡನೆಯ ಪೀಳಿಗೆಯಲ್ಲಿ ಒಂದೇ ಆಜ್ಞೆ. ಮೊದಲ ಪೀಳಿಗೆಯಲ್ಲಿ ಆಜ್ಞೆ, ಉಪ ಆಜ್ಞೆಗಳು ಸೇರಿ ನೂರಕ್ಕೂ ಮಿಕ್ಕಿದ್ದವು. ವಿಂಡೋಸ್ ವಿಸ್ತಾದ ಜೊತೆ ಬಂದ ಎರಡನೆಯ ಪೀಳಿಗೆ ಅವನ್ನು 19ಕ್ಕೆ ಇಳಿಸಿತು.

ಕ್ಯಾನ್‌ಬೆರಾದ ವಿದ್ಯಾರ್ಥಿ

1991ರ ಡಿಸೆಂಬರ್. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ ತಮ್ಮ ಡಾಸ್ ಪಿಸಿಯಲ್ಲಿ ಡಿಜಿಟಲ್ ಕಂಪನಿಯ ಒಂದು ಹೊಸ ತಂತ್ರಾಂಶವನ್ನು ಪರೀಕ್ಷಿಸುತ್ತಿದ್ದರು. ಅದು ಓಡಬೇಕಾದರೆ ಅದೇ ಕಂಪನಿಯ ಪಾತ್‌ವರ್ಕ್ಸ್ ಎಂಬ ನೆಟ್‌ವರ್ಕ್ ತಂತ್ರಾಂಶ ಬೇಕು. ಪಾತ್‌ವರ್ಕ್ಸ್ ಡಿಜಿಟಲ್ ಕಂಪನಿಯ ಯಂತ್ರಗಳೊಡನೆ ಮಾತ್ರ ಮಾತಾಡುತ್ತಿತ್ತು. ಅವರಿಗೆ ಬೇಕಾದ ಡಿಸ್ಕ್ ಜಾಗ ಇದ್ದದ್ದು ಸನ್ ಕಂಪನಿಯ ವರ್ಕ್‌ಸ್ಟೇಷನ್ನುಗಳಲ್ಲಿ.

ನೆಟ್‌ವರ್ಕ್ ಪ್ರೋಗ್ರಾಮನ್ನು ಅವರು ಅದುವರೆಗೆ ಬರೆದವರೇ ಅಲ್ಲ. ಆದರೂ ಪಿಸಿ ಮತ್ತು ಡಿಜಿಟಲ್ ಸರ್ವರಿನ ನಡುವೆ ಕುಳಿತು, ಹೋಗುವ ಬರುವ ಪ್ರತಿ ಬೈಟನ್ನೂ ದಾಖಲಿಸುವ ಚಿಕ್ಕ ಪ್ರೋಗ್ರಾಮೊಂದನ್ನು ಬರೆದರು. ಆಮೇಲೆ ಟರ್ಬೊ ಸಿಯಲ್ಲಿ ತುಂಡು ಪ್ರೋಗ್ರಾಮುಗಳನ್ನು ಬರೆದು, ನೆಟ್‌ವರ್ಕ್ ಡ್ರೈವಿನಲ್ಲಿ ಒಂದು ಫೈಲು ತೆರೆಯುವುದು, ಓದುವುದು, ಫೋಲ್ಡರ್ ಬದಲಿಸುವುದು ಹೀಗೆ ಒಂದೊಂದೇ ಕೆಲಸ ಮಾಡಿಸಿ, ಆಗ ತಂತಿಯ ಮೇಲೆ ಏನು ಬದಲಾಯಿತು ಎಂದು ನೋಡಿದರು. ಯಾವ ಬೈಟು ಏನು ಹೇಳುತ್ತದೆ ಎಂಬುದು ಮೆಲ್ಲಗೆ ಬಿಡಿಸಿಕೊಂಡಿತು. ಸನ್ ಯಂತ್ರದ ಮೇಲೆ ಅದೇ ಉತ್ತರಗಳನ್ನು ಕೊಡುವ ಸರ್ವರನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಸನ್ನಿನ ಡಿಸ್ಕು ಡಾಸಿನ ಒಂದು ಡ್ರೈವ್ ಆಗಿ ಕಾಣಿಸಿಕೊಂಡಿತು. ಡಿಜಿಟಲ್ ಸರ್ವರ್ ಯಾವಾಗಲೂ ಕಳಿಸುತ್ತಿದ್ದ ಕೆಲವು ಸಂಖ್ಯೆಗಳ ಅರ್ಥ ಮಾತ್ರ ತಿಳಿಯಲಿಲ್ಲ. ಅವನ್ನು ಹಾಗೆಯೇ ನಕಲು ಮಾಡಿದರು. ಅವು ಏನೆಂದು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು.

1992ರ ಜನವರಿಯಲ್ಲಿ ಕೋಡನ್ನು ಇಂಟರ್‌ನೆಟ್ಟಿನಲ್ಲಿ ಹಂಚಿ ಟ್ರಿಡ್ಜೆಲ್ ತಮ್ಮ ಪಾಡಿಗೆ ಸಂಶೋಧನೆಗೆ ಮರಳಿದರು. 1993ರ ಕೊನೆಯಲ್ಲಿ ಹೆಂಡತಿಯ ವಿಂಡೋಸ್ ಪಿಸಿಯನ್ನು ತಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಬೇಕಾಗಿ ಬಂದಾಗ ಹಳೆಯ ಕೋಡು ನೆನಪಾಯಿತು. ಡಿಜಿಟಲ್‌ಗಾಗಿ ಬರೆದದ್ದು ವಿಂಡೋಸಿನ ಜೊತೆಗೂ ಕೆಲಸ ಮಾಡಿತು. ಎರಡೂ ಕಂಪನಿಗಳು ಬಳಸುತ್ತಿದ್ದದ್ದು ಅದೇ ಎಸ್‌ಎಂಬಿ. ಅಲ್ಲಿಂದ ಮುಂದೆ ಜೆರೆಮಿ ಆಲಿಸನ್ ಮೊದಲಾದವರು ಸೇರಿಕೊಂಡು ಇದು ಲೋಕದ ನಾನಾ ಮೂಲೆಗಳ ಪ್ರೋಗ್ರಾಮರುಗಳ ಸಾಮೂಹಿಕ ಕೆಲಸವಾಯಿತು. ಮೊದಲಿಟ್ಟ ಹೆಸರಿನ ಮೇಲೆ ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಇದ್ದುದರಿಂದ ಟ್ರಿಡ್ಜೆಲ್ ತಮ್ಮ ಯಂತ್ರದ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿದರು. ಸಿಕ್ಕ ಕೆಲವೇ ಪದಗಳಲ್ಲಿ ಸಾಂಬಾ ಒಂದು.

ಕೇಳುವುದು, ಕೆಣಕುವುದು, ಹೋಲಿಸುವುದು

ತಮ್ಮ ವಿಧಾನಕ್ಕೆ ಟ್ರಿಡ್ಜೆಲ್ ಕೊಟ್ಟ ಹೆಸರು ‘ಫ್ರೆಂಚ್ ಕೆಫೆ’. ಫ್ರೆಂಚ್ ಕಲಿಯಬೇಕು, ಆದರೆ ಪುಸ್ತಕವಿಲ್ಲ, ಮೇಷ್ಟರಿಲ್ಲ ಎಂದುಕೊಳ್ಳಿ. ಪ್ಯಾರಿಸ್ಸಿನ ಒಂದು ಹೋಟೆಲಿನಲ್ಲಿ ಹೋಗಿ ಕೂರುವುದು; ಗಿರಾಕಿ ಏನು ಹೇಳಿದ, ಮಾಣಿ ಏನು ತಂದಿಟ್ಟ ಎಂದು ಬರೆದುಕೊಳ್ಳುತ್ತ ಹೋಗುವುದು. ಸ್ವಲ್ಪ ದಿನದಲ್ಲಿ ಕಾಫಿಗೂ ಬ್ರೆಡ್ಡಿಗೂ ಏನೆನ್ನುತ್ತಾರೆ ಎಂಬುದು ತಿಳಿದೇ ತಿಳಿಯುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ. ಮೈಕ್ರೋಸಾಫ್ಟಿನ ಸೋರ್ಸ್ ಕೋಡನ್ನು ಯಾರೂ ಇಣುಕಿ ನೋಡಲಿಲ್ಲ. ಹೊರಗೆ ಕೇಳಿಸಿದ ಮಾತನ್ನಷ್ಟೇ ಕೇಳಿದರು.

ಆದರೆ ಈ ವಿಧಾನಕ್ಕೊಂದು ಮಿತಿಯಿದೆ. ಗಿರಾಕಿಗಳು ಎಂದೂ ಕೇಳದ ತಿಂಡಿಯ ಹೆಸರು ನಿಮಗೆ ಎಂದೂ ತಿಳಿಯದು. ಅದಕ್ಕಾಗಿ ಸಾಂಬಾ ತಂಡ ಎರಡನೆಯ ಉಪಾಯ ಹೂಡಿತು. ಹಳೆಯ ಎಸ್‌ಎಂಬಿಯಲ್ಲಿ ಆಜ್ಞೆಯ ಸಂಖ್ಯೆಗೆ ಒಂದೇ ಬೈಟಿನ ಜಾಗ. ಅಂದರೆ ಒಟ್ಟು ಸಾಧ್ಯತೆ 256. ಒಂದೊಂದನ್ನೂ ವಿಂಡೋಸ್ ಸರ್ವರಿಗೆ ಕಳಿಸಿ ನೋಡುವ ಪ್ರೋಗ್ರಾಮು ಬರೆದರಾಯಿತು. ‘ಇಂಥ ಆಜ್ಞೆಯೇ ಇಲ್ಲ’ ಎಂಬ ಉತ್ತರ ಬಂದರೆ ಬಿಟ್ಟುಬಿಡುವುದು. ‘ನಿನ್ನ ಬೇಡಿಕೆ ತಪ್ಪಾಗಿದೆ’ ಎಂದು ಬಂದರೆ ಅಲ್ಲಿ ಏನೋ ಇದೆ ಎಂದರ್ಥ. ಬೈಯುವ ಬಗೆಯಲ್ಲೇ ಸರ್ವರ್ ತನ್ನ ಗುಟ್ಟು ಬಿಟ್ಟುಕೊಡುತ್ತಿತ್ತು.

ಮೂರನೆಯದು ಹೋಲಿಕೆ. ಫೈಲಿಗೆ ಬೀಗ ಹಾಕುವ, ತೆಗೆಯುವ ಆಜ್ಞೆಗಳನ್ನು ಕಂಪ್ಯೂಟರೇ ಮನಬಂದಂತೆ ಹೆಣೆದು, ಅದೇ ಸರಣಿಯನ್ನು ಏಕಕಾಲಕ್ಕೆ ವಿಂಡೋಸ್ ಸರ್ವರಿಗೂ ಸಾಂಬಾಗೂ ಕಳಿಸುವುದು. ಎಲ್ಲಿ ಎರಡರ ಉತ್ತರ ಬೇರೆಯಾಯಿತೋ ಅಲ್ಲಿ ಸಾಂಬಾ ಇನ್ನೂ ಕಲಿತಿಲ್ಲ. ಆ ಸರಣಿಯನ್ನು ಕತ್ತರಿಸುತ್ತ ಬಂದು, ತಪ್ಪು ಕಾಣಿಸುವ ಅತಿ ಚಿಕ್ಕ ತುಣುಕು ಉಳಿದಾಗ ಕಾರಣ ಹುಡುಕುವುದು. ವಿಂಡೋಸಿನ ನಡವಳಿಕೆ ವಿಚಿತ್ರವಾಗಿದ್ದರೂ ಸಾಂಬಾ ಅದನ್ನೇ ಅನುಸರಿಸಬೇಕು. ಅದನ್ನು ನಂಬಿ ಬರೆದ ತಂತ್ರಾಂಶಗಳು ಹೊರಗೆ ಎಷ್ಟಿವೆಯೋ ಬಲ್ಲವರಾರು!

‘ಕೋಲಾರ’ ಎಂಬ ಫೈಲು

ದೊಡ್ಡಕ್ಷರ ಸಣ್ಣಕ್ಷರದ ತೊಡಕನ್ನು ಸಾಂಬಾ ದುಡಿಮೆಯಿಂದ ಬಿಡಿಸುತ್ತದೆ. ವಿಂಡೋಸ್ ಕೇಳಿದ ಹೆಸರು ಅಕ್ಷರಶಃ ಸಿಗದಿದ್ದರೆ ಇಡೀ ಫೋಲ್ಡರನ್ನು ತಡಕಾಡಿ, ಅಕ್ಷರಭೇದ ಮರೆತರೆ ಹೊಂದುವ ಹೆಸರಿದೆಯೇ ಎಂದು ನೋಡುತ್ತದೆ. ಸಾವಿರಾರು ಫೈಲುಗಳಿರುವ ಫೋಲ್ಡರಿನಲ್ಲಿ ‘ಅಂಥ ಫೈಲು ಇಲ್ಲ’ ಎಂದು ಹೇಳುವುದೇ ಎಲ್ಲಕ್ಕಿಂತ ನಿಧಾನದ ಕೆಲಸ. ಏಕೆಂದರೆ ಇಲ್ಲವೆನ್ನುವ ಮೊದಲು ಎಲ್ಲವನ್ನೂ ನೋಡಿರಬೇಕು.

ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲ. ನಮಗೆ ಬೇರೆ ಪೇಚುಗಳಿವೆ. 2003ರಲ್ಲಿ ಬಂದ ಸಾಂಬಾ 3.0 ಆವೃತ್ತಿ ತಂತಿಯ ಮೇಲೆ ಯೂನಿಕೋಡ್ ಹೆಸರುಗಳನ್ನು ಕಳಿಸಲು ಕಲಿತ ಮೇಲೆ, ಕನ್ನಡದಲ್ಲಿ ಹೆಸರಿಟ್ಟ ಫೈಲು ವಿಂಡೋಸಿಗೂ ಲಿನಕ್ಸಿಗೂ ನಡುವೆ ಕೆಡದೆ ಓಡಾಡುವ ದಾರಿ ತೆರೆಯಿತು. ವಿಂಡೋಸ್ ಹೆಸರನ್ನು ಯುಟಿಎಫ್-16 ರೂಪದಲ್ಲಿ ಕಳಿಸುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಎಫ್-8ರಲ್ಲಿ ಇಟ್ಟುಕೊಳ್ಳುತ್ತದೆ. ನಡುವಿನ ಪರಿವರ್ತನೆ ಸಾಂಬಾದ ಹೊಣೆ. ‘ಕೋಲಾರ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಯೂನಿಕೋಡಿನ ಲೆಕ್ಕದಲ್ಲಿ ಇದು ಐದು ಸಂಕೇತಗಳು: ಕ, ಓತ್ವದ ಚಿಹ್ನೆ, ಲ, ದೀರ್ಘದ ಚಿಹ್ನೆ, ರ. ಯುಟಿಎಫ್-16ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 2 ಬೈಟು, ಒಟ್ಟು 10. ಯುಟಿಎಫ್-8ರಲ್ಲಿ ತಲಾ 3, ಒಟ್ಟು 15.

ಈ ವ್ಯತ್ಯಾಸ ಬರೀ ಲೆಕ್ಕದ್ದಲ್ಲ. ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಹೆಸರು 255 ಬೈಟು ಮೀರುವಂತಿಲ್ಲ. ಅಂದರೆ ಕನ್ನಡಕ್ಕೆ ಸಿಗುವುದು 85 ಸಂಕೇತಗಳು; ಒತ್ತಕ್ಷರ, ಗುಣಿತ ಎಲ್ಲ ಸೇರಿ. ವಿಂಡೋಸಿನ ಎನ್‌ಟಿಎಫ್‌ಎಸ್ ಅದೇ ಕನ್ನಡಕ್ಕೆ 255 ಸಂಕೇತಗಳ ಜಾಗ ಕೊಡುತ್ತದೆ. ವಿಂಡೋಸಿನಲ್ಲಿ ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿಟ್ಟು ಸೇವ್ ಮಾಡಿದ ಫೈಲು ಲಿನಕ್ಸ್ ಪೆಟ್ಟಿಗೆಗೆ ಹೋಗದೆ ಮೊಂಡು ಹಿಡಿದರೆ ಕಾರಣ ಇದೇ ಇರಬಹುದು. ಅಷ್ಟೇ ಉದ್ದದ ಇಂಗ್ಲಿಷ್ ಹೆಸರಿಗೆ ಈ ತೊಂದರೆ ಬರುವುದಿಲ್ಲ.

ಮ್ಯಾಕ್ ಸೇರಿದರೆ ಇನ್ನೊಂದು ಕಗ್ಗಂಟು. ಆಪಲ್ಲಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕೂಡಿದ ಅಕ್ಷರಗಳನ್ನು ಬಿಡಿಸಿ ಇಡುತ್ತಿತ್ತು. ‘ಕೋ’ದ ಓತ್ವ ಅಲ್ಲಿ ಮೂರು ಸಂಕೇತ: ಎತ್ವ, ಊತ್ವ, ಕೊನೆಯಲ್ಲಿ ದೀರ್ಘ ಸೂಚಕ. ‘ಕೋಲಾರ’ ಆಗ ಏಳು ಸಂಕೇತ, 21 ಬೈಟು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕಿನಲ್ಲಿ ಟಾರ್ ಕಟ್ಟಾಗಿ ಬಂದ ಫೈಲನ್ನು ಲಿನಕ್ಸ್ ಸರ್ವರಿನಲ್ಲಿ ಬಿಚ್ಚಿದರೆ ಒಂದೇ ಫೋಲ್ಡರಿನಲ್ಲಿ ಎರಡು ‘ಕೋಲಾರ’ಗಳು ಕುಳಿತಿರಬಹುದು. ಮೌಸಿನಿಂದ ಕ್ಲಿಕ್ಕಿಸಿದರೆ ತೆರೆಯುವ ಫೈಲು, ಹೆಸರನ್ನು ಕೀಲಿಮಣೆಯಲ್ಲಿ ಟೈಪ್ ಮಾಡಿದರೆ ‘ಇಲ್ಲ’ ಎನ್ನಿಸಿಕೊಳ್ಳುತ್ತದೆ. ಬೈಟು ಬೈಟು ಹೋಲಿಸುವ ಲಿನಕ್ಸಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನಿಲ್ಲ. ಮ್ಯಾಕ್ ಜೊತೆಗಿನ ಹೊಂದಾಣಿಕೆಗೆಂದೇ ಸಾಂಬಾದಲ್ಲಿ ‘ಫ್ರೂಟ್’ ಎಂಬ ಹೆಸರಿನ ಪ್ರತ್ಯೇಕ ಭಾಗವಿದೆ.

ಬೀಗ ಮತ್ತು ಪ್ರಿಂಟರ್

ವಿಂಡೋಸಿನಲ್ಲಿ ಒಂದು ಪ್ರೋಗ್ರಾಮು ಫೈಲು ತೆರೆಯುವಾಗಲೇ ‘ನಾನು ಮುಗಿಸುವವರೆಗೆ ಬೇರೆಯವರು ಬರೆಯಕೂಡದು’ ಎಂದು ಹೇಳಬಹುದು, ವ್ಯವಸ್ಥೆ ಅದನ್ನು ಕಡ್ಡಾಯವಾಗಿ ಪಾಲಿಸುತ್ತದೆ. ಯೂನಿಕ್ಸಿನ ಬೀಗಗಳು ಬಹುಮಟ್ಟಿಗೆ ಸಲಹೆಯ ಬೀಗಗಳು. ನೋಡಿ ನಡೆದುಕೊಳ್ಳುವವರಿಗಷ್ಟೇ ಅನ್ವಯ. ಆದ್ದರಿಂದ ಯಾರು ಯಾವ ಫೈಲನ್ನು ಯಾವ ಷರತ್ತಿನ ಮೇಲೆ ತೆರೆದಿದ್ದಾರೆ ಎಂಬ ಲೆಕ್ಕವನ್ನು ಸಾಂಬಾ ತನ್ನದೇ ಪುಟ್ಟ ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ವೇಗಕ್ಕಾಗಿ ಇನ್ನೊಂದು ಏರ್ಪಾಡಿದೆ: ಫೈಲನ್ನು ಬಳಸುವವರು ಒಬ್ಬರೇ ಆದರೆ ಅವರ ಕಂಪ್ಯೂಟರೇ ಪ್ರತಿ ಇಟ್ಟುಕೊಂಡು ತಿದ್ದಲು ಸರ್ವರ್ ಬಿಡುತ್ತದೆ. ಎರಡನೆಯವರು ಬಂದೊಡನೆ, ‘ತಿದ್ದಿದ್ದನ್ನೆಲ್ಲ ವಾಪಸ್ ಕೊಡು’ ಎಂದು ಮೊದಲನೆಯವರಿಗೆ ಸೂಚನೆ ಹೋಗುತ್ತದೆ. ಹಂಚಿಕೆಯ ಫೈಲು ತೆರೆಯುವಾಗ ಕೆಲವೊಮ್ಮೆ ಕಾಣುವ ಚಿಕ್ಕ ತಡೆಯ ಹಿಂದೆ ಈ ಕೊಡುಕೊಳ್ಳುವಿಕೆ ಇರಬಹುದು.

ಪ್ರಿಂಟರನ್ನು ಹಂಚುವುದು ಮೊದಲಿಗೆ ಸುಲಭವಿತ್ತು. ಪ್ರಿಂಟರೂ ಒಂದು ಹಂಚಿಕೆ. ಅದರೊಳಗೆ ಫೈಲು ಬರೆದು ಮುಚ್ಚಿದರೆ ಸಾಂಬಾ ಆ ಫೈಲನ್ನು ಯೂನಿಕ್ಸಿನ ಮುದ್ರಣ ಸರದಿಗೆ ಒಪ್ಪಿಸುತ್ತಿತ್ತು. ವಿಂಡೋಸ್ ಎನ್‌ಟಿ ಬಂದ ಮೇಲೆ ಬೇಡಿಕೆ ಹೆಚ್ಚಿತು: ಪ್ರಿಂಟರಿನ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಸಾಕು, ಅದಕ್ಕೆ ಬೇಕಾದ ಡ್ರೈವರನ್ನು ಸರ್ವರೇ ಕೊಡಬೇಕು. 2001ರ ಸಾಂಬಾ 2.2 ಅದನ್ನೂ ಕಲಿಯಿತು. ಅತ್ತ ಯೂನಿಕ್ಸಿನ ಕಡೆ ಮೈಕೆಲ್ ಸ್ವೀಟ್ ಬರೆದ ಕಪ್ಸ್ ಎಂಬ ಮುಕ್ತ ತಂತ್ರಾಂಶ 1999ರಲ್ಲಿ ಬಂದಿತ್ತು. 2002ರಲ್ಲಿ ಆಪಲ್ ಅದನ್ನು ಮ್ಯಾಕಿಗೆ ಅಳವಡಿಸಿಕೊಂಡು, 2007ರಲ್ಲಿ ಹಕ್ಕನ್ನೇ ಕೊಂಡಿತು. ವಿಂಡೋಸಿನಿಂದ ಹೊರಟ ಪುಟ ಸಾಂಬಾದ ಕೈಯಿಂದ ಕಪ್ಸಿನ ಕೈಗೆ, ಅಲ್ಲಿಂದ ಪ್ರಿಂಟರಿಗೆ. ಎಷ್ಟೋ ಕಚೇರಿಗಳಲ್ಲಿ ಕಾಗದ ಹೊರಬರುವುದು ಈ ದಾರಿಯಲ್ಲೇ.

ನ್ಯಾಯಾಲಯದ ಮೆಟ್ಟಿಲು

2000ದಲ್ಲಿ ವಿಂಡೋಸ್ ಆಕ್ಟಿವ್ ಡೈರೆಕ್ಟರಿ ಎಂಬ ವ್ಯವಸ್ಥೆಯನ್ನು ತಂದಿತು. ದೊಡ್ಡ ಸಂಸ್ಥೆಯೊಂದರ ಎಲ್ಲ ಬಳಕೆದಾರರು, ಯಂತ್ರಗಳು, ಪಾಸ್‌ವರ್ಡುಗಳು, ಹಕ್ಕುಗಳು ಒಂದೇ ಕಡೆ. ಫೈಲು ಕೊಡುವ ಸರ್ವರಿಗಿಂತ ಇದನ್ನು ಅನುಕರಿಸುವುದು ಎಷ್ಟೋ ಪಾಲು ಜಟಿಲ. ಕಿವಿಗೊಟ್ಟು ಕಲಿಯುವ ವಿಧಾನ ಇಲ್ಲಿ ಏದುಸಿರು ಬಿಟ್ಟಿತು.

ಅದೇ ಹೊತ್ತಿಗೆ ಯುರೋಪಿನಲ್ಲಿ ಇದೇ ವಿಷಯ ವ್ಯಾಜ್ಯವಾಗಿತ್ತು. ಸರ್ವರ್ ಮಾರುಕಟ್ಟೆಯ ಪ್ರತಿಸ್ಪರ್ಧಿಗಳಿಗೆ ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ತಡೆಹಿಡಿದಿದೆ ಎಂದು 2004ರ ಮಾರ್ಚಿನಲ್ಲಿ ಯುರೋಪಿಯನ್ ಆಯೋಗ ತೀರ್ಮಾನಿಸಿ, 497 ಮಿಲಿಯನ್ ಯೂರೊ ದಂಡ ಹಾಕಿ, ಪ್ರೊಟೊಕಾಲಿನ ವಿವರ ಕೊಡಬೇಕೆಂದು ಆಜ್ಞೆ ಮಾಡಿತು. ಸಾಂಬಾ ತಂಡದವರೂ ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನೂ ಆಯೋಗದ ಪರ ನಿಂತರು. 2007ರ ಸೆಪ್ಟೆಂಬರ್ 17ರಂದು ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನೊಡನೆ ಒಪ್ಪಂದವಾಯಿತು. ಒಂದೇ ಬಾರಿ 10,000 ಯೂರೊ ಕೊಟ್ಟ ಮೇಲೆ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. ದಾಖಲೆ ಗುಟ್ಟಾಗಿರಬೇಕು, ಅದನ್ನು ಓದಿ ಬರೆದ ಕೋಡು ಮಾತ್ರ ಮುಕ್ತವಾಗಿ ಹಂಚಬಹುದು ಎಂಬುದು ಕರಾರು. ಸುಮಾರು ಹತ್ತು ವರ್ಷಗಳ ದುಡಿಮೆಯ ನಂತರ, 2012ರ ಡಿಸೆಂಬರ್ 11ರಂದು ಆಕ್ಟಿವ್ ಡೈರೆಕ್ಟರಿಯ ಸರ್ವರಾಗಬಲ್ಲ ಸಾಂಬಾ 4.0 ಹೊರಬಂತು. ಪರೀಕ್ಷೆಗೆ ನೆರವಾದವರಲ್ಲಿ ಮೈಕ್ರೋಸಾಫ್ಟಿನ ತಂತ್ರಜ್ಞರೂ ಇದ್ದರು. ಅದಕ್ಕೂ ಮುಂಚೆ, 2011ರಲ್ಲಿ, ಆ ಕಂಪನಿಯ ಕಡೆಯಿಂದ ಸಾಂಬಾಗೆ ಕೋಡೂ ಬಂದಿತ್ತು.

ಹೀಗೆ ಗೋಡೆ ಇಳಿಯುತ್ತಿದ್ದಾಗ ಇನ್ನೊಂದು ಕಡೆ ದೂರ ಬೆಳೆಯಿತು. 2007ರಲ್ಲಿ ಸಾಂಬಾ ಜಿಪಿಎಲ್ ಪರವಾನಗಿಯ ಹೆಚ್ಚು ಬಿಗಿಯಾದ ಮೂರನೆಯ ಆವೃತ್ತಿಗೆ ಹೋಗುವುದಾಗಿ ಪ್ರಕಟಿಸಿತು. ಆಪಲ್ ಹಳೆಯ ಸಾಂಬಾದಲ್ಲೇ ನಿಂತು, 2011ರ ಲಯನ್ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ತನ್ನದೇ ಎಸ್‌ಎಂಬಿ ತಂತ್ರಾಂಶ ಬರೆದುಕೊಂಡಿತು. ಎರಡು ವರ್ಷದ ನಂತರ ಮ್ಯಾಕುಗಳ ನಡುವೆಯೂ ಫೈಲು ಹಂಚಲು ಎಸ್‌ಎಂಬಿಯೇ ಮೊದಲ ಆಯ್ಕೆಯಾಯಿತು.

ಹಳೆಯದನ್ನು ಬಿಡುವ ಕಷ್ಟ

2017ರ ಮೇ 12ರಂದು ವಾನ್ನಾಕ್ರೈ ಎಂಬ ಕುತಂತ್ರಾಂಶ ಲೋಕದ ತುಂಬ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳತೊಡಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಅದು ನುಗ್ಗಿದ್ದು ವಿಂಡೋಸಿನಲ್ಲಿ ಉಳಿದುಕೊಂಡಿದ್ದ ಎಸ್‌ಎಂಬಿಯ ಮೊದಲ ಪೀಳಿಗೆಯ ಬಿರುಕಿನಿಂದ. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ರಿಪೇರಿ ಕಳಿಸಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ಮೇ ತಿಂಗಳು ಸಾಂಬಾದಲ್ಲೂ ಒಂದು ಗಂಭೀರ ದೋಷ ಬಯಲಾಯಿತು. 2010ರ 3.5 ಆವೃತ್ತಿಯಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಅದು, ಬರೆಯುವ ಅನುಮತಿಯಿದ್ದ ದುರುಳರಿಗೆ ತಮ್ಮ ಕೋಡನ್ನು ಸರ್ವರಿನಲ್ಲೇ ಓಡಿಸಲು ಬಿಡುತ್ತಿತ್ತು. ಕೋಡು ತೆರೆದಿದ್ದ ಮಾತ್ರಕ್ಕೆ ದೋಷ ತಾನಾಗಿ ಕಾಣುವುದಿಲ್ಲ, ಯಾರಾದರೂ ಕುಳಿತು ನೋಡಬೇಕು. ಸಾಂಬಾ 2019ರಲ್ಲಿ ಮೊದಲ ಪೀಳಿಗೆಯನ್ನು ತಾನಾಗಿ ಓಡದಂತೆ ನಿಲ್ಲಿಸಿತು.

ಆದ್ದರಿಂದ ಓದುಗರಿಗೆ ಮೂರು ಮಾತು. ನಿಮ್ಮ ಕಚೇರಿಯ, ಶಾಲೆಯ ಅಥವಾ ಮನೆಯ ಫೈಲ್ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಎಸ್‌ಎಂಬಿ 1 ಇನ್ನೂ ಚಾಲೂ ಇದ್ದರೆ ಇವತ್ತೇ ನಿಲ್ಲಿಸಿ. 445ನೇ ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಮುಂದೆ ದಾಖಲೆಗಳನ್ನು ಇಡಲು ಯಾವ ಸಾಧನ, ಯಾವ ತಂತ್ರಾಂಶ ಕೊಂಡರೂ, ಅದರ ಪ್ರೊಟೊಕಾಲು ದಾಖಲೆಯಾಗಿ ಎಲ್ಲರಿಗೂ ಸಿಗುತ್ತದೆಯೇ, ನಾಳೆ ಬೇರೆ ಕಂಪನಿಯ ಯಂತ್ರ ಅದನ್ನು ಓದಬಲ್ಲದೇ ಎಂದು ಮಾರುವವರನ್ನು ಕೇಳಿ. ಸಾಂಬಾ ತನಗೆ ಬೇಕಾದ ಪ್ರೊಟೊಕಾಲನ್ನು ಕೇಳಿಸಿಕೊಂಡೇ ಕಲಿಯಬೇಕಾಯಿತು, ಕೊನೆಗೆ ನ್ಯಾಯಾಲಯದ ತೀರ್ಪೂ ಬೇಕಾಯಿತು. ಗಿರಾಕಿಗೆ ಅಷ್ಟು ಕಷ್ಟವಿಲ್ಲ: ಹಣ ಕೊಡುವ ಮೊದಲು ಕೇಳಿದರೆ ಸಾಕು.